ನಾರ್ಮಲ್ ಅಂದರೆ

ಕೊಟ್ಟಿಗೆಯಲ್ಲಿ ಕಾಲು ಜಾರಿ ಬಿದ್ದ ಅವ್ವ ಎದ್ದು ಕೂತವಳೇ ಮರಾಠಿಯಲ್ಲಿ ಮಾತಾಡತೊಡಗಿದಳು. ಅವಳ ತವರು ನಿಪ್ಪಾಣಿಯ ಆಚೆ. ಆದರೆ ಮದುವೆಯಾಗಿ ಅಲಖನೂರಿಗೆ ಬಂದಮೇಲೆ ಮನೆಯೊಳಗೆ ಅವಳು ಆಡಿದ್ದು ಕನ್ನಡವನ್ನೇ. ನಾನು ಕಲಿತದ್ದೂ ಅವಳ ಕನ್ನಡವೇ.

ಚಿಕ್ಕೋಡಿಗೆ ಕರೆದೊಯ್ದೆವು. ತಲೆಯ ಸ್ಕ್ಯಾನ್ ನೋಡಿದ ಡಾಕ್ಟರು, "ಎಲ್ಲಾ ನಾರ್ಮಲ್ ಐತ್ರಿ. ಬಿದ್ದ ಗಾಬರಿ ಇರಬೇಕು, ಕಾದ ನೋಡೂಣು," ಎಂದರು.

ಹೊರಗೆ ಬಂದಮೇಲೆ ಅಪ್ಪ ನನ್ನನ್ನು ಕೇಳಿದ. "ನೀ ಇಂಗ್ಲಿಷ್ ಮಾಸ್ತರ ಅದಿ. ನಾರ್ಮಲ್ ಅಂದ್ರ ಏನಪಾ?"

"ಎಲ್ಲಾ ಸರಿ ಐತಿ ಅಂತ."

"ಸರಿ ಎಲ್ಲೈತಿ? ನನ್ನ ಕೂಡ ಒಂದ ಮಾತ ಆಡವಲ್ಲಳು."

ಮನೆಯಲ್ಲಿ ಅವ್ವ ಕೂತಲ್ಲಿ ಕೂರಲಿಲ್ಲ. ಅಂಗಳದಿಂದ ಬಾಗಿಲಿಗೆ, ಬಾಗಿಲಿಂದ ಅಂಗಳಕ್ಕೆ. "ಮಲಾ ಘರೀ ಜಾಯಚಂ ಹಾಯ್," ಅನ್ನುವಳು. ತನ್ನ ಮನೆಯಲ್ಲೇ ನಿಂತು, ಮನೆಗೆ ಹೋಗಬೇಕು ಅನ್ನುವಳು. ನಾನೂ ಅವಳ ಹಿಂದೆ ತಿರುಗುತ್ತಿದ್ದೆ. ಶಾಲೆಯಲ್ಲಿ ಪಾಠ ಅರ್ಧಕ್ಕೆ ನಿಲ್ಲಿಸಿ ಮನೆಗೆ ಫೋನ್ ಹಚ್ಚುತ್ತಿದ್ದೆ.

ಅಪ್ಪನಿಗೆ ಕೊಟ್ಟ ಉತ್ತರ ಚುಚ್ಚುತ್ತಲೇ ಇತ್ತು. ನಿಘಂಟು ತೆರೆದೆ. ಲ್ಯಾಟಿನ್ನಿನಲ್ಲಿ ನಾರ್ಮಾ ಎಂದರೆ ಮೂಲೆ ನೆಟ್ಟಗಿದೆಯೇ ಎಂದು ಬಡಗಿ ನೋಡುವ ಮೂಲೆಮಟ್ಟವಂತೆ. ಅದರಿಂದ ನಾರ್ಮಲ್ ಹುಟ್ಟಿತು; ನಿಯಮಕ್ಕೆ ಹೊಂದಿದ್ದು, ಎಂದಿನಂತೆ ಇರುವುದು ಎಂಬ ಅರ್ಥಗಳು ಆಮೇಲೆ ಬಂದವು. ಡಾಕ್ಟರು ಆ ಮಟ್ಟವನ್ನು ಹಿಡಿದದ್ದು ತಲೆಯ ಚಿತ್ರಕ್ಕೆ. ನಾನು ಹಿಡಿಯುತ್ತಿದ್ದದ್ದು ಮೊನ್ನೆಯವರೆಗಿನ ಅವ್ವನಿಗೆ. ಅಪ್ಪನಿಗೆ ಇದನ್ನೆಲ್ಲ ಹೇಳಿದೆ.

"ಅದನ್ನ ತಗೊಂಡ ಈಗ ಏನ ಮಾಡೂದು?" ಎಂದು ಎದ್ದು ಹೋದ.

ಮರುದಿನ ಬೆಳಿಗ್ಗೆ ಅವ್ವ ಮತ್ತೆ ಬಾಗಿಲಿಗೆ ಹೊರಟಾಗ, ಪೇಟೆಯಲ್ಲಷ್ಟೇ ಮರಾಠಿ ಆಡುವ ಅಪ್ಪ ಕೈಯಲ್ಲಿ ಚಹಾದ ಕಪ್ಪು ಹಿಡಿದು ಕೇಳಿದ. "ಚಹಾ ಘೇತೋಸ್ ಕಾ?"

ಗಂಡಸಿಗೆ ಕೇಳುವ ಹಾಗೆ ಕೇಳಿದ್ದ. ಅವ್ವ ಹೊಸ್ತಿಲಲ್ಲಿ ನಿಂತಳು. "ಘೇತೋಸ್ ನವ್ಹಂ, ಘೇತೇಸ್," ಎಂದು ತಿದ್ದಿ, ಸೆರಗು ಬಾಯಿಗೆ ಹಿಡಿದು ನಕ್ಕಳು. ಬಿದ್ದಮೇಲೆ ನಕ್ಕದ್ದು ಅದೇ ಮೊದಲು. ಕೂತು ಚಹಾ ಕುಡಿದಳು.

ಕನ್ನಡ ನಿಧಾನವಾಗಿ ಮರಳಿತು, ಮೊದಲು ಎಮ್ಮೆಯನ್ನು ಬೈಯುವಾಗ, ಆಮೇಲೆ ನಮ್ಮೊಡನೆ. ಈಗಲೂ ಮಾತಿನ ನಡುವೆ ಒಮ್ಮೊಮ್ಮೆ ಮರಾಠಿಗೆ ಹೊರಳುತ್ತಾಳೆ. ನಾನು ಕೈಯಲ್ಲಿದ್ದದ್ದು ಬಿಟ್ಟು ಎದ್ದು ನಿಲ್ಲುತ್ತೇನೆ. ಅಪ್ಪ ಏಳುವುದಿಲ್ಲ. ತನ್ನ ತಪ್ಪುತಪ್ಪು ಮರಾಠಿಯಲ್ಲೇ ಉತ್ತರ ಕೊಡುತ್ತಾನೆ.