ನಲ್ಲಿಗೆ ನೆಗಡಿ

ನಮ್ಮಕ್ಕನ ಮೊಣಕಾಲು ಹಾಳಾಗಿದ್ದು ವಯಸ್ಸಿನಿಂದಲ್ಲ, ಬೊಂಬೆಗಳಿಂದ. ಡಾಕ್ಟರು ಬೇರೇನೋ ಹೇಳುತ್ತಾರೆ, ಹೇಳಲಿ. ಅವಳ ಜೊತೆ ಒಂದೇ ಮನೆಯಲ್ಲಿ ಇರುವವಳು ನಾನು.

ಅಕ್ಕ ಪ್ರಾಥಮಿಕ ಶಾಲೆಯಲ್ಲಿ ಮೂರನೇ ತರಗತಿಯ ಟೀಚರ್. ಪ್ರತಿವರ್ಷ ವಾರ್ಷಿಕೋತ್ಸವಕ್ಕೆ ಮಕ್ಕಳಿಂದ ಬೊಂಬೆಯಾಟ ಆಡಿಸುತ್ತಾಳೆ. ಎರಡು ಕಂಬಗಳ ನಡುವೆ ಹಳೇ ಬೆಡ್‌ಶೀಟ್ ಕಟ್ಟುವುದು, ಮಕ್ಕಳು ಅದರ ಹಿಂದೆ ಕುಕ್ಕರಗಾಲಲ್ಲಿ ಕೂತು ಕೈ ಎತ್ತಿ ಬೊಂಬೆ ಕುಣಿಸುವುದು. ಇವಳೂ ಅವರ ಜೊತೆ ಮಂಡಿಯೂರಿ ಆ ತುದಿಯಿಂದ ಈ ತುದಿಗೆ ತೆವಳುವುದು. ಮನೆಗೆ ಬಂದರೆ ಕುರ್ಚಿಯಿಂದ ಏಳಲು ಗೋಡೆ ಹಿಡಿಯಬೇಕು.

ಬೊಂಬೆಗಳ ಬಟ್ಟೆ ಯಾರು ಹೊಲಿಯಬೇಕು? ನಾನೇ. ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಹೊಟ್ಟೆ ಹೊರೆಯುವವಳಿಗೆ, ಗಿರಾಕಿಗಳ ಪ್ಯಾಂಟು ಬದಿಗಿಟ್ಟು ಬಕೆಟ್ ಬೊಂಬೆಗೆ ಕೋಟು ಹೊಲಿಯುವ ಯೋಗ. "ಊರಿಗೆ ಉಪಕಾರಿ, ಮನೆಗೆ ಮಾರಿ ನೀನು" ಎಂದು ಪ್ರತಿವರ್ಷ ಬೈಯುತ್ತೇನೆ. "ತೋಳು ಸ್ವಲ್ಪ ಸಡಿಲ ಇರಲಿ" ಎನ್ನುತ್ತಾಳೆ ಅವಳು.

ಅವಳ ಹಟಕ್ಕೆ ಕಾರಣ ಇದೆ. ಚಿಕ್ಕವಳಿದ್ದಾಗ ಪದ್ಯ ಹೇಳಲು ವೇದಿಕೆ ಹತ್ತಿ, ಜನರ ಮುಖ ನೋಡಿದ್ದೇ ತಡ ನಾಲಿಗೆ ಒಣಗಿ ನಿಂತುಬಿಟ್ಟಿದ್ದಳಂತೆ. ಸಭೆಯೆಲ್ಲ ಗೊಳ್ಳೆಂದು ನಕ್ಕಿತ್ತಂತೆ. "ನನ್ನ ಮಕ್ಕಳಿಗೆ ಹಾಗಾಗ್ಬಾರ್ದು ಕಣೇ. ಪರದೆ ಇದ್ರೆ ಎಂಥ ಪುಕ್ಕಲಾದ್ರೂ ಬಾಯಿ ಬಿಡುತ್ತೆ" ಎನ್ನುತ್ತಾಳೆ. ಅದು ಸುಳ್ಳಲ್ಲ. ತರಗತಿಯಲ್ಲಿ ತುಟಿ ಅಲ್ಲಾಡಿಸದ ಮಕ್ಕಳು ಬೆಡ್‌ಶೀಟಿನ ಹಿಂದೆ ಸಿಂಹದ ಹಾಗೆ ಗರ್ಜಿಸಿದ್ದನ್ನು ನಾನೇ ಕೇಳಿದ್ದೇನೆ.

ಈ ವರ್ಷ ಹೆಡ್ ಮೇಡಂ ಅವಳನ್ನು ಕರೆಸಿ, "ಟೀಚರ್, ಪೇರೆಂಟ್ಸ್ ಗಲಾಟೆ ಮಾಡ್ತಿದ್ದಾರೆ. ರಜೆ ಹಾಕಿ ಬರ್ತೀವಿ, ನಮ್ಮ ಮಗು ಮುಖಾನೇ ಕಾಣಲ್ಲ ಅಂತಾರೆ. ಈ ಸಲ ನೋಡ್ತೀನಿ. ಮತ್ತೆ ದೂರು ಬಂದ್ರೆ ಮುಂದಿನ ವರ್ಷದಿಂದ ಡಾನ್ಸೇ" ಎಂದರಂತೆ. ಅಕ್ಕ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೂತಳು. "ಅದೂ ಹೋದ್ರೆ ನಾನು ಬರೀ ಹಾಜರಿ ಕೂಗೋಕೆ ಹೋಗ್ಬೇಕು ಅಷ್ಟೆ" ಎಂದಳು. ಹಾಳಾಗಿ ಹೋಗಲಿ, ನಿನ್ನ ಕಾಲಾದರೂ ಉಳಿಯುತ್ತೆ ಎನ್ನಲು ಬಾಯಿ ತೆರೆದವಳು ಅವಳ ಮುಖ ನೋಡಿ ಮಿಷನ್ ತುಳಿಯತೊಡಗಿದೆ.

ಕಥೆ ಮಕ್ಕಳೇ ಕಟ್ಟಬೇಕು ಎಂಬುದು ಅವಳ ನಿಯಮ. ಶಾಲೆಯ ಅಂಗಳದಲ್ಲಿ ಸದಾ ತೊಟ್ಟಿಕ್ಕುವ ನಲ್ಲಿಯೊಂದಿದೆ. ತರಗತಿಯಲ್ಲೇ ಚಿಕ್ಕವಳು, ಎಲ್ಲರೂ ಗುಬ್ಬಚ್ಚಿ ಎಂದು ಕರೆಯುವ ಹುಡುಗಿ, ಅಕ್ಕನ ಕಿವಿಯ ಹತ್ತಿರ ಬಂದು, "ಟೀಚರ್, ನಲ್ಲಿಗೆ ನೆಗಡಿ ಆಗಿದೆ" ಎಂದಳಂತೆ. ಆಯಿತಲ್ಲ, ಅದೇ ಕಥೆ. ಬಕೆಟ್ಟು ಬೈಯುತ್ತದೆ, ಚೊಂಬು ಅಣಕಿಸುತ್ತದೆ, ಪ್ಲಂಬರ್ ಬಂದು ಮೂಗು ತಿರುಚುತ್ತಾನೆ. ಕೊನೆಗೆ ನಲ್ಲಿ ಅಳುತ್ತಾ, "ಏನಾಯ್ತು ಅಂತ ನನ್ನ ಯಾರೂ ಕೇಳ್ಲೇ ಇಲ್ಲ" ಎನ್ನುತ್ತದೆ. ನಲ್ಲಿ ಆಡಿಸುವವಳು ಗುಬ್ಬಚ್ಚಿಯೇ.

ಪೇಪರ್ ನೆನೆಸಿ, ಅಂಟು ಕಲಸಿ, ತಲೆಗಳನ್ನು ಮಾಡಿ ಬಾಟಲಿಗಳ ಮೇಲೆ ಒಣಗಲಿಟ್ಟರು. ತಾಲೀಮಿನಲ್ಲಿ ಪ್ರತಿವರ್ಷದ್ದೇ ಗೋಳು. ಮಕ್ಕಳು ಬೊಂಬೆಯ ಮುಖವನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾರೆ, ನೋಡುವವರಿಗೆ ಬರೀ ಬೆನ್ನು. "ಮುಖ ಆ ಕಡೆ! ಜನರ ಕಡೆ!" ಎಂದು ಅಕ್ಕ ತೆವಳಿ ತೆವಳಿ ತಿರುಗಿಸಬೇಕು. "ಆಗ ನಂಗೆ ಕಾಣಲ್ವಲ್ಲ ಟೀಚರ್" ಎನ್ನುತ್ತವೆ. ಕೋಣನ ಮುಂದೆ ಕಿನ್ನರಿ! ಸಂಜೆ ಮನೆಗೆ ಬರುವಷ್ಟರಲ್ಲಿ ಅವಳ ಗಂಟಲೂ ಕೂತಿರುತ್ತಿತ್ತು, ಕಾಲೂ ಬಿದ್ದಿರುತ್ತಿತ್ತು.

ಆಟದ ದಿನ ನಾನು ಜನರ ಹಿಂದೆ, ಗೋಡೆಗೆ ಒರಗಿ ನಿಂತಿದ್ದೆ. ಬೊಂಬೆಗಳು ಅಂದು ಜನರ ಕಡೆಗೇ ಮುಖ ಮಾಡಿದ್ದವು. ನಲ್ಲಿ ಮೊದಲ ಸಲ ಸೀನಿತು. ಎಂಥ ಸೀನು! ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಅಬ್ಬಾ, ಬದುಕಿದೆವು ಎಂದುಕೊಂಡೆ.

ಅಷ್ಟರಲ್ಲಿ ಪರದೆಯ ಅಂಚಿನ ಮೇಲೆ ಎರಡು ಕಣ್ಣು ಕಂಡವು. ಯಾರು ನಗುತ್ತಿದ್ದಾರೆಂದು ನೋಡಲು ಗುಬ್ಬಚ್ಚಿ ಎದ್ದು ನಿಂತಿದ್ದಳು. "ನಮ್ಮ ಪಾಪು! ನಮ್ಮ ಪಾಪು!" ಎಂದು ಅವಳಪ್ಪ ಫೋನು ಎತ್ತಿ ಕೂಗಿದ. ಅವಳು ಹಲ್ಲು ಬಿಟ್ಟು ನಕ್ಕಳು. ಬಕೆಟ್ಟು ಆಡಿಸುವವನು ಸುಮ್ಮನಿರುತ್ತಾನೆಯೇ? ಅವನೂ ಎದ್ದ, ಚೊಂಬೂ ಎದ್ದಿತು, ಪ್ಲಂಬರೂ ಎದ್ದ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆ, ಯಾರನ್ನು ಕೂರಿಸುವುದು? ಬೊಂಬೆಗಳು ಪರದೆಯ ಹಿಂದೆ ಜೋತುಬಿದ್ದವು, ಮಕ್ಕಳೇ ತಮ್ಮ ಬಾಯಲ್ಲಿ ಮಾತು ಒಪ್ಪಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಲ್ಲಿ ಅತ್ತಿದ್ದು ಯಾರಿಗೂ ಕಾಣಲಿಲ್ಲ.

ಹೆಡ್ ಮೇಡಂ ಓಡಿ ಬಂದು ಅಕ್ಕನ ಕೈ ಕುಲುಕಿದರು. "ಏನ್ ಐಡಿಯಾ ಟೀಚರ್! ಎಲ್ಲರಿಗೂ ಖುಷಿಯೋ ಖುಷಿ. ಮುಂದಿನ ವರ್ಷನೂ ಬೊಂಬೆಯಾಟನೇ ಇರ್ಲಿ. ಪರದೆ ಒಂದು ಬೇಡ, ಅಷ್ಟೆ" ಎಂದರು. ಅಕ್ಕ ತಲೆ ಆಡಿಸಿದಳು.

ಮನೆಗೆ ಬರುವವರೆಗೂ ನಾನು ಕುದಿಯುತ್ತಿದ್ದೆ. ಅವಳ ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಡುತ್ತಾ, "ಪರದೆ ಇಲ್ಲದ ಬೊಂಬೆಯಾಟವಂತೆ! ಅವರ ತಲೆ! ನೋಡು, ನಾನು ಇನ್ನೆರಡು ಮೊಳ ಬಟ್ಟೆ ಜೋಡಿಸಿ ಹೊಲಿದುಕೊಡ್ತೀನಿ. ಎದ್ದು ನಿಂತ್ರೂ ಒಂದು ಕೂದಲೂ ಕಾಣ್ಬಾರ್ದು" ಎಂದೆ. ಬೇಡ ಬೇಡ ಎಂದು ಇಷ್ಟು ವರ್ಷ ಬೈದವಳು ನಾನೇ, ಆ ಬೊಂಬೆಯಾಟಕ್ಕಾಗಿ ಈಗ ನನಗೇ ಹೊಟ್ಟೆ ಉರಿಯುತ್ತಿತ್ತು.

"ಬೇಡ ಬಿಡೇ" ಎಂದಳು ಅಕ್ಕ. "ಡಾನ್ಸೇ ಮಾಡಿಸ್ಲಿ ಅಂತ ನಾಳೆ ನಾನೇ ಹೇಳ್ತೀನಿ."

"ಅಯ್ಯೋ, ಅವರೇ ಒಪ್ಕೊಂಡಿದ್ದಾರಲ್ಲೇ ಅಕ್ಕ!"

"ಗುಬ್ಬಚ್ಚಿನ ಕೂರಿಸೋಣ ಅಂತ ಫ್ರಾಕು ಹಿಡ್ಕೊಂಡೆ. ತಲೆ ಎತ್ತಿ ಅದರ ಮುಖ ನೋಡ್ದೆ. ಜನ ನಗ್ತಿದ್ರು, ಅದೂ ನಗ್ತಿತ್ತು. ಒಂಚೂರೂ ಹೆದರಿರ್ಲಿಲ್ಲ ಕಣೇ. ಕೈ ಬಿಟ್ಟುಬಿಟ್ಟೆ."

ಅವಳು ಚೀಲವನ್ನು ಇನ್ನೊಂದು ಮೊಣಕಾಲಿಗೆ ಸರಿಸಿಕೊಂಡಳು.

"ಇಷ್ಟು ವರ್ಷದ ಮಕ್ಕಳು ಆಗ ಹೇಗೆ ಕಾಣ್ತಿದ್ರೋ, ಯಾರಿಗೆ ಗೊತ್ತು? ಹೆದರಿದ್ದು ನಾನು, ಬಚ್ಚಿಟ್ಟಿದ್ದು ಅವರನ್ನ."

ನಾನು ಒಳಗೆ ಹೋಗಿ ಚೀಲಕ್ಕೆ ಇನ್ನಷ್ಟು ಬಿಸಿನೀರು ತಂದೆ. ಹಾಗಲ್ಲ ಅಕ್ಕ, ಅವರು ಬಾಯಿ ಬಿಟ್ಟಿದ್ದೇ ನಿನ್ನಿಂದ ಎಂದು ಹೇಳುವಷ್ಟರಲ್ಲಿ ಅವಳು ಕೂತಲ್ಲೇ ನಿದ್ದೆ ಹೋಗಿದ್ದಳು.