ಚಂದ್ರನಿಗೆ ಬೆನ್ನು ಹಾಕಿ ನಿಂತ ಸಂಜೆ

ಒಗೆದು ಹರವಿದ್ದ ನನ್ನ ಬಿಳಿ ಪಂಚೆಯ ಮೇಲೆ ಇಂದು ಬೆಳಿಗ್ಗೆ ನೇರಳೆ ಬಣ್ಣದ ಹಿಕ್ಕೆಗಳು ಕಂಡವು. ನನ್ನಾಕೆ ಹಕ್ಕಿಕುಲವನ್ನೇ ಬೈಯುತ್ತಿದ್ದಳು. ನಾನು ಮಾತ್ರ ಅರಮನೆಯಿಂದ ಶಾಲು ಬಂದವನಂತೆ ಆ ಪಂಚೆಯನ್ನು ಬಿಸಿಲಿಗೆ ಹಿಡಿದು ಹಿಗ್ಗಿದೆ. ಹಿಪ್ಪುನೇರಳೆ ಹಣ್ಣು ತಿಂದ ಗುಲಾಬಿ ಕಬ್ಬಕ್ಕಿಗಳ ಕೆಲಸವದು. ದೂರದ ಉತ್ತರದಿಂದ ಚಳಿಗಾಲ ಕಳೆಯಲು ಬಂದು, ವಸಂತದಲ್ಲಿ ಗುಂಪುಗೂಡಿ ಮರಳುವ, ಕಪ್ಪು ತಲೆಯ ಗುಲಾಬಿ ಮೈಯ ಗಾಯಕರು.

ಹಕ್ಕಿ ನೋಡಲು ಎಲ್ಲಿಗೆ ಹೋಗಬೇಕೆಂದು ಶ್ರೀರಂಗಪಟ್ಟಣದಲ್ಲಿ ಯಾರನ್ನಾದರೂ ಕೇಳಿ ನೋಡಿ, ಪಕ್ಷಿಧಾಮದ ಕಡೆ ಕೈ ತೋರಿಸುತ್ತಾರೆ. ಎಲ್ಲರೂ ಒಂದು ದಿಕ್ಕಿಗೆ ಕೈ ತೋರಿಸಿದರೆ ಇನ್ನೊಂದು ದಿಕ್ಕಿಗೆ ಹೊರಡುವುದು ನನ್ನ ಹುಟ್ಟುಗುಣ. ಶಾಲೆ ಬೇಗ ಬಿಟ್ಟು, ಕಡಲೆಕಾಯಿ ಪೊಟ್ಟಣದಿಂದ ನಿಘಂಟಿನವರೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡ ನನಗೆ ಅಚ್ಚಾದ ಅಕ್ಷರದ ಮೇಲೆ ಪ್ರೀತಿಯುಂಟು, ಭಕ್ತಿಯಿಲ್ಲ. ಬಾಯಿಮಾತಿನ ಮೇಲಂತೂ ಎರಡೂ ಇಲ್ಲ.

ಕೆಲವು ವರ್ಷಗಳ ಹಿಂದೆ ಕಿಕ್ಕೇರಿಯಲ್ಲಿರುವ ನನ್ನ ಅಕ್ಕನಿಗೆ ಎರಡೂ ಕಣ್ಣುಗಳ ಪೊರೆ ತೆಗೆಸಿದರು. "ಈ ವಸ ಕಣ್ಣಿಗೆ ಏನಾರ ಚೆಂದಾಗಿರೋದು ತೋರ್ಸ್ಲಾ. ನಿನ್ ಮೊಕ ನೋಡ್ ನೋಡಿ ಸಾಕಾಯ್ತು" ಎಂದಳು. ಗುಲಾಬಿ ಹಕ್ಕಿಗಳನ್ನು ತೋರಿಸುತ್ತೇನೆಂದು ಮಾತು ಕೊಟ್ಟೆ. ಅವು ಹೊರಡಲು ಹೆಚ್ಚು ದಿನ ಉಳಿದಿರಲಿಲ್ಲ. ಗಂಜಾಮಿನ ನದೀತೀರ, ಪಾಲಹಳ್ಳಿಯ ನಾಲೆ ಏರಿ, ಪಾಂಡವಪುರದ ಆಲೆಮನೆಗಳ ಹಿತ್ತಲು, ನಾಗಮಂಗಲದಾಚೆಯ ಮುತ್ತುಗದ ಮರಗಳು ಎಂದು ದುರ್ಬೀನು ನೇತುಹಾಕಿಕೊಂಡು ಅಲೆದೆ. ಎಲ್ಲೆಡೆ ಒಂದೇ ಉತ್ತರ: "ನೆನ್ನೆ ಇದ್ದೋ ಕಣಣ್ಣೋ!" ಇಡೀ ಜಿಲ್ಲೆಯೇ ಸೇರಿ ನನಗೆ ಸುಳ್ಳು ಹೇಳುತ್ತಿದೆಯೆಂದು ನಂಬಿದೆ.

ಬರಿಗೈಯಲ್ಲೇ ಯುಗಾದಿಗೆ ಕಿಕ್ಕೇರಿಗೆ ಹೋದೆ. ಹಬ್ಬದ ಮರುದಿನ ವರ್ಷತೊಡಕಿನ ಬಾಡೂಟ ಮುಗಿಸಿ, ಸಂಜೆ ಊರೆಲ್ಲ ಕೆರೆ ಏರಿ ಹತ್ತಿ, ಪಡುವಣದಲ್ಲಿ ಹೊಸ ಚಂದ್ರನ ಗೆರೆಯನ್ನು ಹುಡುಕುವುದು ನಮ್ಮ ಕಡೆಯ ಪದ್ಧತಿ. "ಕಂಡ, ಕಂಡ" ಎಂದು ಕೈ ಮುಗಿಯುವವರಲ್ಲಿ ಅರ್ಧ ಜನ ಕಂಡಿರುವುದಿಲ್ಲವೆಂಬುದು ನನ್ನ ಹಳೆಯ ಗುಮಾನಿ. ಅಂದು ಅದನ್ನು ಅಕ್ಕನಿಗೂ ಹೇಳಿದೆ.

"ನಿಜ ಕಣ್ಲಾ," ಎಂದು ಅಕ್ಕ ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ಪೊರೆ ಬಂದಾಗಿಂದ ನಾನೂ ಸುಳ್ಳೇ ಯೋಳ್ತಿದ್ದೆ. ನಿಮ್ ಬಾವಂಗೆ ಯೋಳ್ಬುಟ್ಟೀಯ!"

ಹೊತ್ತು ಮುಳುಗುತ್ತಿತ್ತು. ಎಲ್ಲರೂ ಪಡುವಣಕ್ಕೆ ಕತ್ತು ನೀಡಿದ್ದಾಗ, ಹಿಂದೆ, ಏರಿಯ ಕೆಳಗಿನ ಕಬ್ಬಿನ ಗದ್ದೆಯ ಮೇಲೆ ಕಪ್ಪನೆಯ ಹೊಗೆ ಎದ್ದಿತು. ಅದು ಭಾವನ ಗದ್ದೆ, ಕಟಾವಿಗೆ ಬಂದ ಕಬ್ಬು.

"ಅಯ್ಯೋ, ಯಾವನ್ಲಾ ತರಗಿಗೆ ಬೆಂಕಿ ಇಟ್ಟೋನು? ಕೊಡ ತಗಂಡ್ ಬರ್ರೋ!" ಎಂದು ಪಂಚೆ ಎತ್ತಿಕಟ್ಟಿ ಭಾವ ಓಡಿದರು. ಚಂದ್ರನನ್ನು ಅಲ್ಲೇ ಬಿಟ್ಟು ಊರೆಲ್ಲ ಓಡಿತು. ಬಾಡೂಟ ಹೊಟ್ಟೆಯಲ್ಲಿ ಕುಲುಕುತ್ತಿದ್ದರೂ, ದುರ್ಬೀನು ಎದೆಗೆ ಬಡಿಯುತ್ತಿದ್ದರೂ ನಾನೂ ಓಡಿದೆ.

ಹಿಂದಿನಿಂದ ಅಕ್ಕನ ಕೂಗು ಕೇಳಿಸಿತು: "ನಿಂತ್ಕಳ್ರೋ ಮಂಕುಗಳಾ! ಗಾಳಿಗೆ ಎದುರಾಗಿ ತಿರುಗೋ ಒಗೆ ಎಲ್ಲಾರ ಉಂಟೇನ್ರೋ?"

ನಿಂತೆವು. ಹೊಗೆ ಮಡಚಿಕೊಂಡಿತು, ಬಿಚ್ಚಿಕೊಂಡಿತು, ನಮ್ಮ ನೆತ್ತಿಯ ಮೇಲೆ ಭರ್ರೆಂದು ಹಾದು ಇಳಿಬಿಸಿಲಿಗೆ ಹೊರಳಿತು. ಹೊರಳಿದ್ದೇ ತಡ, ಅಷ್ಟೂ ಗುಲಾಬಿ! ಆಮೇಲೆ ಮಳೆ ಸುರಿದಂತೆ ಕಬ್ಬಿನೊಳಕ್ಕೆ ಇಳಿದು, ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಗದ್ದೆ ತುಂಬ ಹಾಡತೊಡಗಿದವು. ಭಾವ ಖಾಲಿ ಕೊಡವನ್ನು ತಬ್ಬಿಕೊಂಡು ನಗುತ್ತ ಬದುವಿನ ಮೇಲೆ ಕುಸಿದರು. ನಾನು ಯಾರದೋ ಹೆಗಲು ಹಿಡಿದು ಕುಣಿದೆನಂತೆ; ನನಗೆ ನೆನಪಿಲ್ಲ.

ಏರಿ ಹತ್ತಿ ಬಂದಾಗ ಅಕ್ಕ ಚಂದ್ರನಿಗೆ ಬೆನ್ನು ಹಾಕಿ ಇನ್ನೂ ಗದ್ದೆಯನ್ನೇ ನೋಡುತ್ತಿದ್ದಳು. ದುರ್ಬೀನು ಕೊಡಹೋದರೆ ಕೈಯಿಂದ ತಳ್ಳಿದಳು. "ಬ್ಯಾಡ ಬುಡು, ನನ್ ಕಣ್ಣೇ ಸಾಕು. ಒಂದೊಂದರ ಕೊಕ್ಕೂ ಕಾಣ್ತದೆ." ಅಷ್ಟು ದೂರದಿಂದ ಕೊಕ್ಕು ಕಾಣುವುದು ಸಾಧ್ಯವಿಲ್ಲವೆಂದು ವಾದಿಸಲು ಬಾಯಿ ತೆರೆದೆ. ಅವಳ ಮುಖ ನೋಡಿ ಮುಚ್ಚಿಕೊಂಡೆ.

ಇದನ್ನು ಬರೆಯುತ್ತಿರುವಾಗಲೇ ಅವಳ ಫೋನು ಬಂತು. "ಇತ್ಲು ಬೇಲೀಲಿ ಒಂದು ಸಣ್ ಅಕ್ಕಿ ಕುಂತದೆ ಕಣ್ಲಾ. ಗಂಟ್ಲಿಗೆ ನೀಲಿ ಬಳ್ಕಂಡದೆ. ಏನ್ ಆಡ್ತದೆ ಅಂತೀಯ!"

ನೀನೇ ಕಂಡೆಯಾ, ಯಾರಾದರೂ ಹೇಳಿದರೋ, ನೀಲಿಯೋ ಕಪ್ಪೋ ಎಂದೆಲ್ಲ ವಿಚಾರಣೆ ಮಾಡುವುದು ನನ್ನ ಕ್ರಮ. ಈ ಸಲ ಒಂದನ್ನೂ ಕೇಳಲಿಲ್ಲ.

"ಓಡುಸ್ಬ್ಯಾಡ ಕಣಕ್ಕ," ಎಂದೆ, ಆಗಲೇ ಒಂದು ಕಾಲಿಗೆ ಚಪ್ಪಲಿ ತೂರಿಸಿಕೊಳ್ಳುತ್ತ. "ಮೊದ್ಲು ಸಿಕ್ಕಿದ್ ಬಸ್ಸಿಗೇ ಬಂದ್ಬುಟ್ಟೆ."