ಕಂದು ಮಂಜಿನ ಕೋಣೆ

ಸಲೂನಿನಲ್ಲಿ ಎಲ್ಲರ ಬಾಯಲ್ಲೂ ಅವಳು ಬಣ್ಣದಕ್ಕ. ಬಿಸಿಲಿಗೆ ಹೋಗದೆಯೇ ಮೈ ಕಂದಾಗಬೇಕು ಎನ್ನುವವರಿಗೆ ಒಂಬತ್ತು ವರ್ಷದಿಂದ ಅವಳದೇ ಕೈ. ಹಿಂದುಗಡೆ ಕಿಟಕಿಯಿಲ್ಲದ ಪುಟ್ಟ ಕೋಣೆ. ಗಿರಾಕಿ ಕೈ ಚಾಚಿ ನಿಂತರೆ ಇವಳು ಸ್ಪ್ರೇ ಗನ್ ಹಿಡಿದು, ಕಂದು ದ್ರವವನ್ನು ಮಂಜಿನಂತೆ ಊದುತ್ತ, ಕತ್ತಿನಿಂದ ಹಿಮ್ಮಡಿಯವರೆಗೆ ಇಳಿಯುತ್ತಾಳೆ.

"ಇದು ಪೇಂಟ್ ಅಲ್ಲ ಮೇಡಂ," ಎಂದು ಹೊಸಬರಿಗೆ ಬಿಡಿಸಿ ಹೇಳುತ್ತಾಳೆ. "ಸಕ್ಕರೆ ಜಾತಿಯದು. ಮೇಲಿನ ಸತ್ತ ಚರ್ಮದ ಜೊತೆ ಸೇರಿ ಕಂದಾಗುತ್ತೆ, ಬ್ರೆಡ್ಡಿನ ಅಂಚು ಕೆಂಪಗಾಗುತ್ತಲ್ಲ, ಹಾಗೆ. ವಾರದಲ್ಲಿ ಆ ಚರ್ಮದ ಜೊತೆಗೇ ಉದುರಿಹೋಗುತ್ತೆ. ಕಂದಾದೆ ಅಂತ ಬಿಸಿಲಲ್ಲಿ ಬಿದ್ಕೋಬೇಡಿ ಮತ್ತೆ, ಸುಟ್ಟುಹೋಗ್ತೀರಿ. ಸನ್‌ಸ್ಕ್ರೀನ್ ಹಚ್ಚಲೇಬೇಕು."

ಆಮೇಲೆ ಅವರ ಮೂಗಿಗೆ ಫಿಲ್ಟರ್, ಕಣ್ಣಿಗೆ ಕನ್ನಡಕ, ತುಟಿಗೆ ಮುಲಾಮು. ತನ್ನ ಮೂಗಿಗೆ ಏನೂ ಇಲ್ಲವಲ್ಲ ಎಂಬುದು ಅವಳಿಗೂ ಹೊಳೆದಿರಲಿಲ್ಲ.

ಕಳೆದ ವರ್ಷ ಕೆಮ್ಮು ಹಿಡಿಯಿತು. ಸೀನಿದರೆ ಕರವಸ್ತ್ರದ ಮೇಲೆ ಕಂದು ಕಲೆ. ಗಂಡ ಮೊದಲು ನಕ್ಕ: "ನಿನ್ನ ಶ್ವಾಸಕೋಶ ನಮಗೆ ಹೇಳದೆ ಸಮುದ್ರತೀರಕ್ಕೆ ಹೋಗಿಬಂದಿದೆ!" ಮೂರನೇ ವಾರ ಅವಳು ಏದುಸಿರು ಬಿಡುತ್ತ ಮೆಟ್ಟಿಲ ನಡುವೆಯೇ ಕೂತುಬಿಟ್ಟಾಗ ಅವನೇ ಆಸ್ಪತ್ರೆಗೆ ಕರೆದೊಯ್ದ.

ಡಾಕ್ಟರಮ್ಮ ಉಸಿರು ಅಳೆಯುವ ಕೊಳವೆಯನ್ನು ಅವಳ ಬಾಯಿಗಿಟ್ಟು ಊದಿಸಿ ನೋಡಿದರು. "ಆಸ್ತಮಾ ಶುರುವಾಗಿದೆ."

"ಆ ಸ್ಪ್ರೇಯಿಂದಲೇನಾ?"

"ಹೌದು ಅನ್ನೋಕೂ ಆಗಲ್ಲ, ಅಲ್ಲ ಅನ್ನೋಕೂ ಆಗಲ್ಲಮ್ಮ. ಚರ್ಮಕ್ಕೆ ಹಚ್ಚಿದ್ರೆ ಏನಾಗುತ್ತೆ ಅಂತ ಗೊತ್ತು. ಉಸಿರಲ್ಲಿ ಎಳ್ಕೋಬಾರದು ಅಂತಾನೂ ಹೇಳ್ತಾರೆ. ಆದ್ರೆ ವರ್ಷಗಟ್ಟಲೆ ಎಳ್ಕೊಂಡ್ರೆ ಏನಾಗುತ್ತೆ ಅನ್ನೋದನ್ನ ಯಾರೂ ಸರಿಯಾಗಿ ನೋಡಿಲ್ಲ."

ಹೌದು ಎಂದಿದ್ದರೆ ಯಾರ ಮೇಲಾದರೂ ರೇಗಬಹುದಿತ್ತು.

ಮರುದಿನ ಮಾಸ್ಕ್ ಹಾಕಿಕೊಂಡು ಹೋದಳು. ಮೊದಲ ಗಿರಾಕಿಯೇ ಬಾಗಿಲಲ್ಲಿ ನಿಂತುಬಿಟ್ಟಳು: "ಅಷ್ಟು ಅಪಾಯನಾ ಇದು?" ಸ್ವಲ್ಪ ಹೊತ್ತಿಗೇ ಸಲೂನಿನ ಒಡತಿ ಕರೆದಳು.

"ಅಕ್ಕ, ಮಾಸ್ಕ್ ಬೇಡ. ಜನ ಹೆದರ್ಕೋತಾರೆ."

"ಹಾಗಾದ್ರೆ ಗಾಳಿ ಹೊರಗೆ ಎಳೆಯೋ ಫ್ಯಾನಾದ್ರೂ ಹಾಕಿಸಿ."

"ಗೋಡೆ ಕೊರೆಯೋಕೆ ಕಟ್ಟಡದವರು ಒಪ್ತಿಲ್ಲ. ಎರಡು ಸಲ ಕೇಳ್ದೆ. ನಾನೇನು ಮಾಡ್ಲಿ, ನೀವೇ ಹೇಳಿ?" ಒಡತಿಯ ದನಿ ನಿಜಕ್ಕೂ ಇಳಿದುಹೋಗಿತ್ತು. ಬಣ್ಣದಕ್ಕ ಮಾಸ್ಕ್ ಬಿಚ್ಚಿ ಚೀಲಕ್ಕೆ ಹಾಕಿಕೊಂಡಳು.

ಎರಡು ದಿನ ಬಿಟ್ಟು ಒಂದು ಟೇಬಲ್ ಫ್ಯಾನ್ ಬಂತು. ಅದು ಮಂಜನ್ನು ಗಿರಾಕಿಯ ಕಡೆಯಿಂದ ತಿರುಗಿಸಿ ಇವಳ ಮುಖಕ್ಕೇ ಬೀಸಿತು.

ಬೇರೆ ಕೆಲಸ ಹುಡುಕಿದಳು. ಕೂದಲು ಕತ್ತರಿಸಲು ಬಾರದು. ನಲವತ್ತಾರರಲ್ಲಿ ಕೂರಿಸಿಕೊಂಡು ಕಲಿಸುವವರು ಯಾರು? ಇನ್ನೆರಡು ಸಲೂನುಗಳಲ್ಲಿ ವಿಚಾರಿಸಿದರೆ, "ಸ್ಪ್ರೇ ಮಾಡ್ತೀರಾ? ನಾಳೆಯಿಂದಲೇ ಬನ್ನಿ," ಎಂದರು, ಎರಡೂ ಕಡೆ.

ಈಗ ಉಸಿರು ಬಿಗಿಹಿಡಿದು ಕೆಲಸ ಮಾಡುತ್ತಾಳೆ. ಒಂದು ಕಾಲು ಮುಗಿಸಿ, ಬಾಗಿಲ ಸಂದಿಗೆ ಮುಖವಿಟ್ಟು ಗಾಳಿ ಎಳೆದುಕೊಂಡು, ಮತ್ತೆ ಇನ್ನೊಂದು ಕಾಲು. "ಯಾಕೆ, ಮಾತೇ ಆಡಲ್ಲ ನೀವು?" ಎಂದು ಗಿರಾಕಿಗಳು ಕೇಳಿದರೆ ಸುಮ್ಮನೆ ತಲೆಯಾಡಿಸುತ್ತಾಳೆ. ಬೆನ್ನಿನದೇ ಕಷ್ಟ. ಅದು ಒಂದೇ ಉಸಿರಿಗೆ ಮುಗಿಯುವುದಿಲ್ಲ.